ಎರಡು ಅಂಗಿ ತೊಟ್ಟ ಆಟಗಾರ: ಟಾಮ್ ರಿಚರ್ಡ್ಸ್

2025ರ ಚಳಿಗಾಲದಲ್ಲಿ ನಮ್ಮ ಊರುಗಳ ಬೀದಿಗಳು ಕೆಂಪಾಗಿದ್ದುದನ್ನು ಓದುಗರು ಮರೆತಿರಲಾರರು. ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ರಗ್ಬಿ ತಂಡ ಹನ್ನೆರಡು ವರ್ಷಗಳ ಬಳಿಕ ಆಸ್ಟ್ರೇಲಿಯಾಕ್ಕೆ ಬಂದಿತ್ತು. ಕೆಂಪು ಅಂಗಿ ತೊಟ್ಟ ಸಾವಿರಾರು ಅಭಿಮಾನಿಗಳು ಅದರ ಹಿಂದೆ ಬಂದಿದ್ದರು. ಜೂನ್ 28ರಂದು ಪರ್ತ್‌ನಲ್ಲಿ ಮೊದಲ ಪಂದ್ಯ. ವೆಸ್ಟರ್ನ್ ಫೋರ್ಸ್ ತಂಡ 54–7ರಿಂದ ಸೋತಿತು. ಜುಲೈ 2ರಂದು ಬ್ರಿಸ್ಬೇನ್‌ನಲ್ಲಿ ಕ್ವೀನ್ಸ್‌ಲ್ಯಾಂಡ್ ರೆಡ್ಸ್ 52–12ರಿಂದ ಸೋತಿತು. ಜುಲೈ 12ರಂದು ಅಡಿಲೇಡ್ ಓವಲ್‌ನಲ್ಲಿ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ಆಹ್ವಾನಿತರ ತಂಡ ಒಂದು ಅಂಕವನ್ನೂ ಗಳಿಸಲಾಗದೆ 48–0ರಿಂದ ಸೋತಿತು. ಅನಂತರ ಮೂರು ಟೆಸ್ಟ್‌ಗಳ ಸರಣಿ. ಮೊದಲ ಎರಡನ್ನು ಲಯನ್ಸ್ ಗೆದ್ದಿತು, ಸಿಡ್ನಿಯ ಮೂರನೆಯದು ಆಸ್ಟ್ರೇಲಿಯಾದ ಪಾಲಾಯಿತು. 2–1ರಿಂದ ಸರಣಿ ಗೆದ್ದ ಲಯನ್ಸ್ ತಂಡದ ಕೈಗೆ ಬಂದ ಪ್ರಶಸ್ತಿಯ ಹೆಸರು ಟಾಮ್ ರಿಚರ್ಡ್ಸ್ ಕಪ್.

ಕಪ್ ಯಾರ ಪಾಲಾಯಿತು ಎಂಬುದನ್ನು ಎಲ್ಲ ಪತ್ರಿಕೆಗಳೂ ಬರೆದವು. ಆದರೆ ಆ ಕಪ್‌ಗೆ ಹೆಸರು ಕೊಟ್ಟವರು ಯಾರು ಎಂಬ ಪ್ರಶ್ನೆ ನಮ್ಮ ಮನೆಗಳ ಮಕ್ಕಳಿಂದ ಬಂದಾಗ ನಮ್ಮಲ್ಲಿ ಬಹುತೇಕರಿಗೆ ಉತ್ತರ ಗೊತ್ತಿರಲಿಲ್ಲ. ಹುಡುಕುತ್ತ ಹೋದಂತೆ ತಿಳಿದದ್ದು ಇಷ್ಟು: ಆಸ್ಟ್ರೇಲಿಯಾದ ನೆಲದಲ್ಲಿ ಹುಟ್ಟಿ, ಆಸ್ಟ್ರೇಲಿಯಾ ತಂಡಕ್ಕೂ ಬ್ರಿಟಿಷ್ ದ್ವೀಪಗಳ ತಂಡಕ್ಕೂ ಆಡಿದ ಏಕೈಕ ಆಟಗಾರ ಟಾಮ್ ರಿಚರ್ಡ್ಸ್. ಎದುರುಬದುರು ನಿಲ್ಲುವ ಎರಡು ತಂಡಗಳು ತಮ್ಮ ನಡುವಿನ ಪ್ರಶಸ್ತಿಗೆ ಎರಡೂ ಕಡೆ ಆಡಿದವನ ಹೆಸರನ್ನು ಇಟ್ಟಿವೆ. ಎರಡು ನಾಡುಗಳನ್ನು ಮನೆಯೆಂದು ಕರೆಯುವ ನಮ್ಮಂಥ ಕುಟುಂಬಗಳಿಗೆ ಈ ಸಂಗತಿ ಕ್ರೀಡಾಪುಟದಾಚೆಗೂ ಮುಖ್ಯವೆಂದು ತೋರಿ ಈ ಲೇಖನಕ್ಕೆ ಕೈ ಹಾಕಿದ್ದೇವೆ.

ಆಟದ ಬಗ್ಗೆ ಎರಡು ಮಾತು

ಕ್ರಿಕೆಟ್‌ನಲ್ಲಿ ಬೆಳೆದ ನಮಗೆ ರಗ್ಬಿ ಮೊದಲ ನೋಟಕ್ಕೆ ಗೊಂದಲದ ಆಟ. ರಗ್ಬಿ ಯೂನಿಯನ್‌ನಲ್ಲಿ ಒಂದು ತಂಡಕ್ಕೆ ಹದಿನೈದು ಮಂದಿ. ರಗ್ಬಿ ಲೀಗ್ ಎಂಬ ಅದರ ದಾಯಾದಿ ಆಟದಲ್ಲಿ ಹದಿಮೂರು. ಮೊಟ್ಟೆಯಾಕಾರದ ಚೆಂಡನ್ನು ಹಿಡಿದು ಎದುರಾಳಿಯ ಗೆರೆಯಾಚೆ ನೆಲಕ್ಕೆ ತಾಗಿಸಿದರೆ ಅದು ‘ಟ್ರೈ’. ಕಬಡ್ಡಿ ಆಡಿದವರಿಗೆ ಹಿಡಿಯುವುದು, ಕೊಸರಿಕೊಳ್ಳುವುದು, ಗೆರೆ ಮುಟ್ಟುವ ಹಟ ಎಲ್ಲವೂ ಪರಿಚಿತವೇ. ಒಂದು ನಿಯಮ ಮಾತ್ರ ವಿಚಿತ್ರ: ಆಟಗಾರ ಮುಂದಕ್ಕೆ ಓಡಬಹುದು, ಚೆಂಡನ್ನು ಮುಂದಕ್ಕೆ ಒದೆಯಬಹುದು, ಆದರೆ ಕೈಯಿಂದ ಜೊತೆಗಾರನಿಗೆ ಕೊಡುವಾಗ ಮುಂದಕ್ಕೆ ಎಸೆಯುವಂತಿಲ್ಲ. ಆದ್ದರಿಂದ ಹಿಂದೆ ಯಾರು ಬರುತ್ತಿದ್ದಾರೆಂದು ತಿಳಿಯದೆ ಮುಂದೆ ಓಡುವವನು ಈ ಆಟಕ್ಕೆ ಪ್ರಯೋಜನವಿಲ್ಲ.

ರಿಚರ್ಡ್ಸ್ ಆಡುತ್ತಿದ್ದುದು ಫ್ಲಾಂಕರ್ ಸ್ಥಾನದಲ್ಲಿ, ಅಂದರೆ ಸ್ಕ್ರಮ್ ಎಂಬ ತಳ್ಳಾಟದ ಗುಂಪಿನ ಅಂಚಿನಲ್ಲಿ. ಗುಂಪು ಬಿಡಿಸಿಕೊಂಡ ಕ್ಷಣವೇ ಮೊದಲು ಓಡಿ ಎದುರಾಳಿಯನ್ನು ಕೆಡವಬೇಕಾದವನು ಅವನು. ಮೈಬಲ, ಓಟ, ಚುರುಕು ಬುದ್ಧಿ ಮೂರೂ ಬೇಕಾದ ಸ್ಥಾನವದು.

ಇನ್ನು ಲಯನ್ಸ್. ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಐರ್ಲೆಂಡ್ ನಾಲ್ಕೂ ಉಳಿದ ದಿನಗಳಲ್ಲಿ ಪರಸ್ಪರ ಎದುರಾಳಿಗಳು. ನಾಲ್ಕು ವರ್ಷಕ್ಕೊಮ್ಮೆ ಅವು ಒಂದಾಗಿ ದಕ್ಷಿಣ ಗೋಳಾರ್ಧಕ್ಕೆ ಬರುವ ತಂಡ ಇದು. ‘ಲಯನ್ಸ್’ ಎಂಬ ಹೆಸರು ಬಳಕೆಗೆ ಬಂದದ್ದು 1924ರ ಪ್ರವಾಸದಲ್ಲಿ. ಅದಕ್ಕೆ ಮುಂಚಿನದು ಬರಿಯ ‘ಬ್ರಿಟಿಷ್ ದ್ವೀಪಗಳ ತಂಡ’. ಅಂಥ ಮೊದಲ ತಂಡ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಿಗೆ ಬಂದದ್ದು 1888ರಲ್ಲಿ. ಅದನ್ನು ಕರೆತಂದವರು ಷಾ ಮತ್ತು ಶ್ರೂಸ್‌ಬರಿ ಎಂಬ ಇಬ್ಬರು ಕ್ರಿಕೆಟ್ ಆಟಗಾರರು. ಹಣ ಗಳಿಸುವುದು ಅವರ ಉದ್ದೇಶವಾಗಿತ್ತು. ಅಡಿಲೇಡ್‌ನ ಜನರಿಗೆ ರಗ್ಬಿ ಬೇಕಿರಲಿಲ್ಲ. ಅಲ್ಲಿ ನಡೆಯುತ್ತಿದ್ದುದು ಇಂದು ನಾವು ‘ಫೂಟಿ’ ಎನ್ನುವ ಆಟ. ಹಾಗಾಗಿ ಬ್ರಿಟಿಷ್ ಆಟಗಾರರು ತಮಗೆ ಗೊತ್ತಿರದ ಆ ಆಟವನ್ನು ದಾರಿಯಲ್ಲೇ ಕಲಿತು ಪೋರ್ಟ್ ಅಡಿಲೇಡ್, ನಾರ್ವುಡ್ ಮೊದಲಾದ ತಂಡಗಳೊಡನೆ ಆಡಿದರು. ಆ ತಂಡದ ನಾಯಕ ರಾಬರ್ಟ್ ಸೆಡನ್ ಅದೇ ಆಗಸ್ಟ್ 15ರಂದು ನ್ಯೂ ಸೌತ್ ವೇಲ್ಸ್‌ನ ಹಂಟರ್ ನದಿಯಲ್ಲಿ ದೋಣಿ ಮಗುಚಿ ತೀರಿಕೊಂಡರು. ಊರು ಬಿಟ್ಟು ಬಂದವರು ಊರಿನವರ ಆಟ ಕಲಿಯಬೇಕಾಗುವುದೂ, ಬಂದವರಲ್ಲಿ ಕೆಲವರು ಇಲ್ಲಿಯ ಮಣ್ಣಲ್ಲೇ ಉಳಿಯುವುದೂ ಈ ಪ್ರವಾಸಗಳ ಮೊದಲ ಪುಟದಲ್ಲೇ ಇದೆ.

ಗಣಿಯೂರಿನ ಹುಡುಗ

ಥಾಮಸ್ ಜೇಮ್ಸ್ ರಿಚರ್ಡ್ಸ್ ಹುಟ್ಟಿದ್ದು 1882ರ ಏಪ್ರಿಲ್ 29ರಂದು, ನ್ಯೂ ಸೌತ್ ವೇಲ್ಸ್‌ನ ವೆಜಿಟಬಲ್ ಕ್ರೀಕ್ ಎಂಬ ತವರದ ಗಣಿಯೂರಿನಲ್ಲಿ. ಆ ಊರಿಗೆ ಈಗ ಎಮ್ಮಾವಿಲ್ ಎಂದು ಹೆಸರು. ಮಗು ಚಿಕ್ಕದಿರುವಾಗಲೇ ಕುಟುಂಬ ಉತ್ತರ ಕ್ವೀನ್ಸ್‌ಲ್ಯಾಂಡಿನ ಚಾರ್ಟರ್ಸ್ ಟವರ್ಸ್‌ಗೆ ಹೋಯಿತು. 1871ರ ಕೊನೆಯಲ್ಲಿ ಜ್ಯೂಪಿಟರ್ ಮಾಸ್‌ಮನ್ ಎಂಬ ಮೂಲನಿವಾಸಿ ಬಾಲಕನ ಕಣ್ಣಿಗೆ ಅಲ್ಲಿ ಚಿನ್ನ ಬಿದ್ದಿತ್ತು. ಮೂವತ್ತು ವರ್ಷಗಳೊಳಗೆ ಅದು ಕ್ವೀನ್ಸ್‌ಲ್ಯಾಂಡಿನಲ್ಲಿ ಬ್ರಿಸ್ಬೇನ್ ಬಿಟ್ಟರೆ ಎರಡನೆಯ ದೊಡ್ಡ ಪಟ್ಟಣವಾಗಿ ಬೆಳೆಯಿತು. ಅಲ್ಲಿಯ ಜನ ತಮ್ಮ ಊರನ್ನು ಹೆಮ್ಮೆಯಿಂದ ‘ಜಗತ್ತು’ ಎಂದೇ ಕರೆಯುತ್ತಿದ್ದರು. ಬೇಕಾದದ್ದೆಲ್ಲ ಇಲ್ಲೇ ಸಿಗುವಾಗ ಬೇರೆ ಊರಿಗೆ ಏಕೆ ಹೋಗಬೇಕು ಎಂಬುದು ಆ ಅಡ್ಡಹೆಸರಿನ ಅರ್ಥ.

ಕೋಲಾರದ ಕಡೆಯವರು ಇದನ್ನು ಓದುವಾಗ ತಮ್ಮ ಊರಿನ ಕಥೆಯೇ ಎಂದುಕೊಂಡರೆ ಆಶ್ಚರ್ಯವಿಲ್ಲ. ನ್ಯೂಜಿಲೆಂಡಿನ ಚಿನ್ನದ ಬಯಲುಗಳನ್ನು ಕಂಡಿದ್ದ ಮೈಕೇಲ್ ಲ್ಯಾವೆಲ್ ಎಂಬ ನಿವೃತ್ತ ಸೈನಿಕ 1875ರಲ್ಲಿ ಮೈಸೂರು ಸಂಸ್ಥಾನದಿಂದ ಕೋಲಾರದಲ್ಲಿ ಗಣಿಗಾರಿಕೆಯ ಪರವಾನಗಿ ಪಡೆದರು. 1880ರ ದಶಕದಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಅಲ್ಲಿ ಆಳಕ್ಕೆ ಇಳಿದು ಚಿನ್ನ ತೆಗೆಯಿತು. ಬಂಡೆ ಕೊರೆಯುವುದರಲ್ಲಿ ಪಳಗಿದ ಕಾರ್ನ್‌ವಾಲ್ ಪ್ರಾಂತ್ಯದ ಗಣಿಗಾರರು ಆ ಕಾಲದಲ್ಲಿ ಜಗತ್ತಿನ ಎಲ್ಲ ಗಣಿಗಳಲ್ಲೂ ಇದ್ದರು: ಕೆ.ಜಿ.ಎಫ್.ನಲ್ಲಿ, ಕ್ವೀನ್ಸ್‌ಲ್ಯಾಂಡಿನಲ್ಲಿ, ಅಡಿಲೇಡಿನ ಆಚೆಯ ತಾಮ್ರದ ಗಣಿಗಳಲ್ಲಿ, ಪರ್ತ್‌ನಿಂದ ಒಳನಾಡಿಗಿರುವ ಕಾಲ್ಗೂರ್ಲಿಯಲ್ಲಿ, ಜೊಹಾನ್ಸ್‌ಬರ್ಗ್‌ನಲ್ಲಿ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದದ್ದು ನಮ್ಮ ಶಾಲಾಪಠ್ಯದ ಹೆಮ್ಮೆ. ಅದೇ ವರ್ಷಗಳಲ್ಲಿ ಟಾಮ್ ರಿಚರ್ಡ್ಸ್ ಎಂಬ ತರುಣ ಚಾರ್ಟರ್ಸ್ ಟವರ್ಸ್‌ನಲ್ಲಿ ವಾರವೆಲ್ಲ ಗಣಿಗೆಲಸ ಮಾಡಿ ಶನಿವಾರ ರಗ್ಬಿ ಆಡುತ್ತಿದ್ದ. ಅಣ್ಣ ಬಿಲ್ ಕೂಡ ಆಟಗಾರ. 1904ರಲ್ಲೇ ಆಸ್ಟ್ರೇಲಿಯಾ ತಂಡಕ್ಕೆ ಆಡಿದವರು.

ಗಣಿಯಿಂದ ಗಣಿಗೆ, ತಂಡದಿಂದ ತಂಡಕ್ಕೆ

1905ರಲ್ಲಿ ಟಾಮ್ ದಕ್ಷಿಣ ಆಫ್ರಿಕಾಕ್ಕೆ ಹೊರಟರು. ಕೆಲಸ ಜೊಹಾನ್ಸ್‌ಬರ್ಗ್‌ನ ಚಿನ್ನದ ಗಣಿಯಲ್ಲಿ, ಆಟ ಟ್ರಾನ್ಸ್‌ವಾಲ್ ಪ್ರಾಂತ್ಯದ ತಂಡದಲ್ಲಿ. 1906ರಲ್ಲಿ ದಕ್ಷಿಣ ಆಫ್ರಿಕಾ ತಂಡ ಬ್ರಿಟನ್ ಪ್ರವಾಸಕ್ಕೆ ಸಿದ್ಧವಾದಾಗ ಇವರ ಆಟವನ್ನು ಯಾರೂ ಪ್ರಶ್ನಿಸಲಿಲ್ಲ. ಆದರೆ ಆ ನಾಡಿನಲ್ಲಿ ಇವರು ನೆಲೆಸಿ ಸಾಕಷ್ಟು ಕಾಲವಾಗಿಲ್ಲವೆಂದು ಅವಕಾಶ ತಪ್ಪಿತು. ‘ಇಲ್ಲಿಗೆ ಬಂದು ಎಷ್ಟು ದಿನವಾಯಿತು?’ ಎಂಬ ಪ್ರಶ್ನೆಯನ್ನು ವೀಸಾ ಅರ್ಜಿಗಳಲ್ಲಿ ತುಂಬಿತುಂಬಿ ಬಲ್ಲ ನಮಗೆ ಆ ನಿರಾಸೆಯನ್ನು ವಿವರಿಸಬೇಕಾಗಿಲ್ಲ. ರಿಚರ್ಡ್ಸ್ ಸುಮ್ಮನೆ ಕೂರಲಿಲ್ಲ. ತಾವೇ ಇಂಗ್ಲೆಂಡಿಗೆ ಹೋಗಿ ಬ್ರಿಸ್ಟಲ್ ಕ್ಲಬ್ ಸೇರಿದರು, ಗ್ಲಾಸ್ಟರ್‌ಶೈರ್ ಕೌಂಟಿಗೆ ಆಯ್ಕೆಯಾದರು, ತಮ್ಮನ್ನು ಬಿಟ್ಟು ಬಂದ ಅದೇ ದಕ್ಷಿಣ ಆಫ್ರಿಕಾ ತಂಡದ ಎದುರು ಅಂಗಳಕ್ಕಿಳಿದರು. ಬ್ರಿಸ್ಟಲ್ ಕ್ಲಬ್ಬಿನ ಈ ಸದಸ್ಯತ್ವ ಮುಂದೆ ಯಾರೂ ಊಹಿಸದ ಬಾಗಿಲೊಂದನ್ನು ತೆರೆಯಲಿತ್ತು.

ಆಸ್ಟ್ರೇಲಿಯಾ ತಂಡ ಮೊದಲ ಬಾರಿಗೆ ಬ್ರಿಟನ್ನಿಗೆ ಹೋಗಲಿದೆಯೆಂಬ ಸುದ್ದಿ ಬಂದಾಗ ರಿಚರ್ಡ್ಸ್ ಕ್ವೀನ್ಸ್‌ಲ್ಯಾಂಡಿಗೆ ಮರಳಿ ಆಡಿ, ಆ 1908–09ರ ತಂಡಕ್ಕೆ ಆಯ್ಕೆಯಾದರು. ಇಂಗ್ಲೆಂಡಿನ ಪತ್ರಿಕೆಗಳು ಬಂದವರನ್ನು ‘ಮೊಲಗಳು’ ಎಂದು ಕರೆಯಲು ಹೊರಟವಂತೆ. ತಮ್ಮ ನಾಡಿನ ಹೊಲಗಳನ್ನು ಹಾಳುಗೆಡವುತ್ತಿದ್ದ ಹೊರಗಿನ ಪ್ರಾಣಿಯ ಹೆಸರು ತಮಗೆ ಬೇಡವೆಂದು ಆಟಗಾರರು ನಿರಾಕರಿಸಿ ತಮ್ಮ ನೆಲದ್ದೇ ಆದ ‘ವಾಲಬಿ’ಯನ್ನು ಆರಿಸಿಕೊಂಡರು. ಇಂದಿಗೂ ಆಸ್ಟ್ರೇಲಿಯಾದ ರಗ್ಬಿ ತಂಡಕ್ಕೆ ವಾಲಬೀಸ್ ಎಂಬುದೇ ಹೆಸರು.

ಆ ವರ್ಷ ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡಾಕೂಟ. ರಗ್ಬಿಯಲ್ಲಿ ಭಾಗವಹಿಸಿದ್ದು ಎರಡೇ ತಂಡ: ಆಸ್ಟ್ರೇಲಿಯಾ, ಮತ್ತು ಬ್ರಿಟನ್ನಿನ ಪ್ರತಿನಿಧಿಯಾಗಿ ಕೌಂಟಿ ಚಾಂಪಿಯನ್ ಕಾರ್ನ್‌ವಾಲ್. 1908ರ ಅಕ್ಟೋಬರ್ 26ರಂದು ವೈಟ್ ಸಿಟಿ ಕ್ರೀಡಾಂಗಣದಲ್ಲಿ, ಈಜುಕೊಳದ ಪಕ್ಕದ ಅಂಗಳದಲ್ಲಿ ನಡೆದ ಪಂದ್ಯವನ್ನು ಆಸ್ಟ್ರೇಲಿಯಾ 32–3ರಿಂದ ಗೆದ್ದು ಚಿನ್ನದ ಪದಕ ಪಡೆಯಿತು. ಕೆಲವು ವಾರಗಳ ಹಿಂದೆ ಕಾರ್ನ್‌ವಾಲ್‌ನ ಗಣಿಪಟ್ಟಣವಾದ ಕ್ಯಾಂಬರ್ನ್‌ನಲ್ಲೂ ಇದೇ ತಂಡ ಅವರನ್ನು 18–5ರಿಂದ ಸೋಲಿಸಿತ್ತು. ಗಣಿಗಾರರ ನಾಡಿನ ಎದುರು ಗಣಿಯೂರಿನ ಹುಡುಗ ಆಡಿ ಗೆದ್ದದ್ದು ಕೂಡ ಚಿನ್ನವೇ.

ಅದೇ ಪ್ರವಾಸದಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ವಿರುದ್ಧದ ಟೆಸ್ಟ್ 9–6ರಿಂದ ಕೈತಪ್ಪಿತು. ರಿಚರ್ಡ್ಸ್ ಅದರಲ್ಲಿ ಒಂದು ಟ್ರೈ ಗಳಿಸಿದರು. 1909ರ ಜನವರಿಯಲ್ಲಿ ಇಂಗ್ಲೆಂಡ್ ವಿರುದ್ಧ ತಂಡ 9–3ರಿಂದ ಗೆದ್ದಿತು. ಭೂಮಿಯವರು ಮಂಗಳಗ್ರಹದವರ ಎದುರು ರಗ್ಬಿ ಆಡುವುದಾದರೆ ಮೊದಲು ಆರಿಸಬೇಕಾದ ಹೆಸರು ಇವರದು ಎಂದು ಲಂಡನ್ನಿನ ಟೈಮ್ಸ್ ಪತ್ರಿಕೆ ಬರೆಯಿತೆಂಬ ಮಾತು ಇಂದಿಗೂ ರಗ್ಬಿ ವಲಯದಲ್ಲಿ ಚಾಲ್ತಿಯಲ್ಲಿದೆ. ಪ್ರವಾಸ ಮುಗಿದ ಮೇಲೆ ಜೊತೆಗಾರರಲ್ಲಿ ಹಲವರು ಹಣ ಕೊಡುತ್ತಿದ್ದ ರಗ್ಬಿ ಲೀಗ್ ಕಡೆಗೆ ಹೋದರು. ರಿಚರ್ಡ್ಸ್ ಮಾತ್ರ ಕೂಲಿಯಿಲ್ಲದ ಯೂನಿಯನ್ ಆಟದಲ್ಲೇ ಉಳಿದರು. ಹೊಟ್ಟೆಪಾಡಿಗೆ ಬೇರೆ ದುಡಿಮೆ ಇರಲೇಬೇಕಿತ್ತು.

1910: ಇನ್ನೊಂದು ಅಂಗಿ

ಹಾಗೆ ಅವರು ಮತ್ತೆ ದಕ್ಷಿಣ ಆಫ್ರಿಕಾದಲ್ಲಿದ್ದಾಗ, 1910ರಲ್ಲಿ, ಬ್ರಿಟಿಷ್ ದ್ವೀಪಗಳ ತಂಡ ಅಲ್ಲಿಗೆ ಪ್ರವಾಸ ಬಂದಿತು. ಒಬ್ಬೊಬ್ಬರಾಗಿ ಆಟಗಾರರು ಗಾಯಗೊಂಡರು. ಹಡಗಿನಲ್ಲಿ ವಾರಗಟ್ಟಲೆ ಹಿಡಿಯುವ ಆ ಕಾಲದಲ್ಲಿ ಲಂಡನ್ನಿನಿಂದ ಬದಲಿ ಆಟಗಾರರನ್ನು ಕರೆಸುವುದು ಸುಲಭವಲ್ಲ. ಆಗ ನಾಯಕರಿಗೆ ನೆನಪಾದದ್ದು ಇಲ್ಲೇ ಇರುವ ರಿಚರ್ಡ್ಸ್. ಅವರು ಬ್ರಿಸ್ಟಲ್ ಕ್ಲಬ್ಬಿನ ಸದಸ್ಯರಾಗಿದ್ದರಲ್ಲ! ಅಷ್ಟೇ ಆಧಾರ ಸಾಕಾಯಿತು. ಎರಡು ವರ್ಷ ಹಿಂದೆ ಬ್ರಿಟನ್ನಿನ ಎದುರು ಆಡಿದ್ದ ಆಸ್ಟ್ರೇಲಿಯನ್ ಬ್ರಿಟನ್ನಿನ ಅಂಗಿ ತೊಟ್ಟು ಎರಡು ಟೆಸ್ಟ್‌ಗಳಲ್ಲಿ ಆಡಿದರು. ಎದುರಾಳಿ ಯಾರು? ನಾಲ್ಕು ವರ್ಷ ಹಿಂದೆ ‘ನೀನು ನಮ್ಮವನಲ್ಲ’ ಎಂದಿದ್ದ ದಕ್ಷಿಣ ಆಫ್ರಿಕಾ.

1912ರಲ್ಲಿ ರಿಚರ್ಡ್ಸ್ ಮತ್ತೆ ಆಸ್ಟ್ರೇಲಿಯಾದ ಅಂಗಿಯಲ್ಲಿ ಉತ್ತರ ಅಮೆರಿಕಕ್ಕೆ ಹೋಗಿ ಅಲ್ಲಿಯ ತಂಡದ ವಿರುದ್ಧ ಟೆಸ್ಟ್ ಆಡಿದರು. ಆಮೇಲೆ ಫ್ರಾನ್ಸಿನ ಟುಲೂಸ್ ಕ್ಲಬ್. ಒಟ್ಟು ಲೆಕ್ಕ ನೋಡಿದರೆ ಆಸ್ಟ್ರೇಲಿಯಾಕ್ಕೆ ಮೂರು ಟೆಸ್ಟ್, ಬ್ರಿಟಿಷ್ ತಂಡಕ್ಕೆ ಎರಡು. ಇಂದಿನ ಆಟಗಾರರು ಒಂದೇ ವರ್ಷದಲ್ಲಿ ಇದರ ಎರಡರಷ್ಟು ಆಡುತ್ತಾರೆ. ಆದರೂ ಹೆಸರು ಉಳಿದಿದೆ.

ಅವರ ಬದುಕನ್ನು ಓದುವಾಗ ನಮಗೆ ಒಂದು ವಿಷಯ ಸ್ಪಷ್ಟವಾಯಿತು. ಇವರು ಯಾವ ತಂಡವನ್ನೂ ಇನ್ನೊಂದಕ್ಕಾಗಿ ತೊರೆದವರಲ್ಲ. ಕೆಲಸ ಎಲ್ಲಿಗೆ ಕರೆಯಿತೋ ಅಲ್ಲಿಗೆ ಹೋದರು. ಹೋದಲ್ಲಿ ಯಾರ ಜೊತೆ ದುಡಿದರೋ ಅವರ ಜೊತೆ ಆಡಿದರು. ಆಡಿದಾಗ ಮೈಗಳ್ಳತನ ಮಾಡಲಿಲ್ಲ. ಅವರ ನಿಷ್ಠೆಯನ್ನು ಅಳೆಯಲು ಆ ಕಾಲದವರಿಗೂ ಬೇರೆ ಮಾಪನ ಬೇಕಾಗಲಿಲ್ಲ.

ಗಾಯಾಳುಗಳನ್ನು ಹೊತ್ತ ಭುಜ

1914ರ ಆಗಸ್ಟ್‌ನಲ್ಲಿ ಮಹಾಯುದ್ಧ ಆರಂಭವಾಯಿತು. ರಿಚರ್ಡ್ಸ್ ಅದೇ ತಿಂಗಳು ಸೇನೆಗೆ ಸೇರಿದರು. ಅವರು ಸೇರಿದ್ದು 1ನೇ ಫೀಲ್ಡ್ ಆಂಬುಲೆನ್ಸ್, ಅಂದರೆ ಗಾಯಾಳುಗಳನ್ನು ರಣರಂಗದಿಂದ ಹೊತ್ತು ತರುವ ದಳ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನ ಮೊದಲ ಸೈನ್ಯ ಹೊತ್ತ ಹಡಗುಗಳು ಪರ್ತ್‌ನಿಂದ ಆಗ್ನೇಯಕ್ಕೆ ಸುಮಾರು 400 ಕಿಲೋಮೀಟರ್ ದೂರದ ಆಲ್ಬನಿ ಬಂದರಿನಲ್ಲಿ ಕಲೆತು 1914ರ ನವೆಂಬರ್ 1ರಂದು ಹೊರಟವು. ರಜೆಯಲ್ಲಿ ಆಲ್ಬನಿಗೆ ಹೋಗುವ ನಮ್ಮ ಪರ್ತ್ ಬಂಧುಗಳು ಕಾಣುವ ಆ ನೀಲಿ ಕೊಲ್ಲಿ ಎಷ್ಟೋ ಸೈನಿಕರು ಕೊನೆಯ ಬಾರಿಗೆ ಕಂಡ ಆಸ್ಟ್ರೇಲಿಯಾ.

1915ರ ಏಪ್ರಿಲ್ 25ರಂದು ಅವರು ಗಲಿಪೊಲಿಯ ದಂಡೆಗೆ ಇಳಿದರು. ಎರಡೂ ಅಂಗಿ ತೊಟ್ಟ ಇನ್ನೊಬ್ಬ ಆಟಗಾರನೂ ಆ ದಿನ ಅಲ್ಲೇ ಇಳಿದಿದ್ದ: ಬ್ಲೇರ್ ಸ್ವಾನೆಲ್. ಇಂಗ್ಲೆಂಡಿನಲ್ಲಿ ಹುಟ್ಟಿ, 1899 ಮತ್ತು 1904ರ ಬ್ರಿಟಿಷ್ ತಂಡಗಳಲ್ಲಿ ಇಲ್ಲಿಗೆ ಬಂದು, ಸಿಡ್ನಿಯಲ್ಲೇ ನೆಲೆಸಿ, 1905ರಲ್ಲಿ ಆಸ್ಟ್ರೇಲಿಯಾಕ್ಕೆ ಆಡಿದವನು. ರಿಚರ್ಡ್ಸ್ ಇಲ್ಲಿಂದ ಅಲ್ಲಿಗೆ ಹೋದವರಾದರೆ ಸ್ವಾನೆಲ್ ಅಲ್ಲಿಂದ ಇಲ್ಲಿಗೆ ಬಂದವನು. ಮೊದಲ ದಿನವೇ ಸ್ವಾನೆಲ್ ಹತನಾದ. ರಿಚರ್ಡ್ಸ್ ಉಳಿದರು, ಉಳಿದು ಇತರರನ್ನು ಹೊತ್ತರು. ಅದೇ ದಂಡೆಯಲ್ಲಿ ಭಾರತೀಯ ಸೇನೆಯ ಪರ್ವತ ಫಿರಂಗಿ ದಳವೂ ಅದೇ ದಿನ ಇಳಿದು ಆಸ್ಟ್ರೇಲಿಯನ್ನರ ಜೊತೆ ಹೋರಾಡಿತೆಂಬುದನ್ನು ಇಲ್ಲಿ ನೆನೆಯಬೇಕು. ಆನ್‌ಜಾಕ್ ದಿನದ ಮುಂಜಾನೆ ಮಕ್ಕಳೊಡನೆ ಸ್ಮಾರಕದ ಮುಂದೆ ನಿಲ್ಲುವಾಗ ನಾವು ಪರಕೀಯರ ಸ್ಮರಣೆಗೆ ನಿಂತವರಲ್ಲ.

ಮುಂದೆ ರಿಚರ್ಡ್ಸ್ ಫ್ರಾನ್ಸಿನ ರಣರಂಗದಲ್ಲಿ 1ನೇ ಪದಾತಿದಳದ ಅಧಿಕಾರಿಯಾದರು. 1917ರಲ್ಲಿ ಬುಲೆಕೂರ್ ಬಳಿಯ ಕಾಳಗದ ಸಾಹಸಕ್ಕಾಗಿ ಮಿಲಿಟರಿ ಕ್ರಾಸ್ ಪದಕ ಪಡೆದರು. ಯುದ್ಧದುದ್ದಕ್ಕೂ ಅವರು ದಿನಚರಿ ಬರೆಯುತ್ತಿದ್ದರು. ಗಣಿಗೆಲಸದಿಂದ ಬಂದ ಸೈನಿಕನೊಬ್ಬ ಕಂಡದ್ದನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಆ ಪುಸ್ತಕಗಳು ಕ್ಯಾನ್‌ಬೆರಾದ ಆಸ್ಟ್ರೇಲಿಯನ್ ವಾರ್ ಮೆಮೋರಿಯಲ್‌ನ ಸಂಗ್ರಹದಲ್ಲಿವೆ.

ಯುದ್ಧದಿಂದ ಮರಳಿದ ದೇಹ ಮೊದಲಿನಂತಾಗಲಿಲ್ಲ. ಒಂದು ಕಾಲಕ್ಕೆ ಅಂಗಳವಿಡೀ ಓಡಿದ ಮನುಷ್ಯ ಕ್ಷಯದಿಂದ ಕುಗ್ಗಿ, 1935ರ ಸೆಪ್ಟೆಂಬರ್ 25ರಂದು ಬ್ರಿಸ್ಬೇನ್‌ನಲ್ಲಿ ತೀರಿಕೊಂಡರು. ವಯಸ್ಸು ಐವತ್ತಮೂರು. ಮುಂದಿನ ತಲೆಮಾರುಗಳಿಗೆ ಅವರ ಹೆಸರು ಮರೆತೇ ಹೋಯಿತು. 2001ರಲ್ಲಿ ಲಯನ್ಸ್ ಬಂದಾಗ ಅವರ ಹೆಸರಿನ ಕಪ್ ಮೊದಲ ಬಾರಿಗೆ ಇಡಲಾಯಿತು. ಆ ಪ್ರವಾಸವೂ ಪರ್ತ್‌ನಲ್ಲೇ ಆರಂಭ, ಅಲ್ಲಿ ಲಯನ್ಸ್ 116–10ರಿಂದ ಗೆದ್ದಿತು. ಬ್ರಿಸ್ಬೇನ್‌ನ ಗಾಬಾದಲ್ಲಿ ಮೊದಲ ಟೆಸ್ಟನ್ನೂ ಗೆದ್ದಿತು. ಕೊನೆಗೆ ಸರಣಿ ಗೆದ್ದು ಕಪ್ಪನ್ನು ಮೊದಲು ಎತ್ತಿದವರು ಬ್ರಿಸ್ಬೇನ್‌ನವರೇ ಆದ ನಾಯಕ ಜಾನ್ ಈಲ್ಸ್. ಅದೇ ವರ್ಷದ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ್ದವು. ಎರಡಕ್ಕೂ ಸಂಬಂಧವಿಲ್ಲ ನಿಜ. ಆದರೂ ಗಣಿಗಾರರ ಒಂದು ಯುಗ ಮುಗಿದ ವರ್ಷವೇ ಗಣಿಗಾರನೊಬ್ಬನ ಹೆಸರು ಮರುಜೀವ ಪಡೆದದ್ದನ್ನು ನಾವು ಗಮನಿಸದೆ ಇರಲಾಗಲಿಲ್ಲ.

ತೆರೆದ ಬಾಗಿಲು, ಮುಚ್ಚಿದ ಬಾಗಿಲು

ಇಷ್ಟು ಬರೆದ ಮೇಲೆ ಒಂದು ಕಹಿ ಮಾತನ್ನೂ ಹೇಳದಿದ್ದರೆ ಲೇಖನ ಅಪೂರ್ಣವಾದೀತು.

ರಿಚರ್ಡ್ಸ್ ಕ್ವೀನ್ಸ್‌ಲ್ಯಾಂಡಿನಿಂದ ಟ್ರಾನ್ಸ್‌ವಾಲ್‌ಗೆ, ಅಲ್ಲಿಂದ ಬ್ರಿಸ್ಟಲ್‌ಗೆ, ಮತ್ತೆ ಮರಳಿ ತಾಯ್ನಾಡಿಗೆ ಸಲೀಸಾಗಿ ಓಡಾಡಿದರು. ಒಂದೇ ಸಾಮ್ರಾಜ್ಯದ ಪ್ರಜೆಯಾಗಿದ್ದುದೇ ಅವರಿಗೆ ಸಾಕಾಯಿತು. ಕೋಲಾರದ ಗಣಿಯೊಳಗೆ ಇಳಿಯುತ್ತಿದ್ದ ಕಾರ್ಮಿಕನೂ ಅದೇ ಸಾಮ್ರಾಜ್ಯದ ನೆರಳಲ್ಲಿದ್ದವನೇ. ಅವನೂ ಬಂಡೆ ಕೊರೆಯಬಲ್ಲ. ಮುಂದೆ ಮೂರು ಕಿಲೋಮೀಟರಿಗೂ ಆಳಕ್ಕೆ ಹೋದ ಗಣಿಗಳನ್ನು ತೋಡಿದವರು ಅಂಥವರೇ. ಆದರೆ ಅವನು ಕಾಲ್ಗೂರ್ಲಿಯ ಚಿನ್ನದ ಸುದ್ದಿ ಕೇಳಿ ಪರ್ತ್ ಬಳಿಯ ಬಂದರಿನಲ್ಲಿ ನೆಲೆಸಲೆಂದು ಇಳಿಯಲು ಬಯಸಿದ್ದರೆ ಏನಾಗುತ್ತಿತ್ತು? ಆಸ್ಟ್ರೇಲಿಯಾ ಒಕ್ಕೂಟವಾದ ವರ್ಷವೇ, 1901ರಲ್ಲಿ, ವಲಸೆ ನಿರ್ಬಂಧದ ಕಾನೂನು ಬಂದಿತ್ತು. ಅಧಿಕಾರಿ ತನಗೆ ಬೇಕಾದ ಯುರೋಪಿನ ಯಾವುದೇ ಭಾಷೆಯಲ್ಲಿ ಐವತ್ತು ಪದಗಳ ಉಕ್ತಲೇಖನ ಕೊಡಬಹುದಿತ್ತು. ಬರೆಯಲಾಗದವನು ಬಂದ ಹಡಗಿನಲ್ಲೇ ಹಿಂದಿರುಗಬೇಕು. ಬಣ್ಣವೆಂಬ ಪದವನ್ನು ಬಳಸದೆಯೇ ಬಣ್ಣದ ಮೇಲೆ ಬಾಗಿಲು ಮುಚ್ಚುವ ಉಪಾಯವದು. ಉಕ್ತಲೇಖನದ ಪರೀಕ್ಷೆ ಹೋದದ್ದು 1958ರಲ್ಲಿ. ‘ಬಿಳಿಯ ಆಸ್ಟ್ರೇಲಿಯಾ’ ನೀತಿಯ ಕೊನೆಯ ಅವಶೇಷಗಳನ್ನು ಸರ್ಕಾರ ಕಿತ್ತುಹಾಕಿದ್ದು 1973ರಲ್ಲಿ.

ರಿಚರ್ಡ್ಸ್ ಅವರ ಸಾಧನೆ ಇದರಿಂದ ಕಿರಿದಾಗುವುದಿಲ್ಲ. ಕಾನೂನು ಮಾಡಿದವರು ಅವರಲ್ಲ. ಆದರೆ ಅವರು ಹಾದುಹೋದ ಬಾಗಿಲುಗಳು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಎರಡು ಅಂಗಿ ತೊಡುವ ಸೌಭಾಗ್ಯ ಆ ಕಾಲಕ್ಕೆ ಒಂದು ಬಗೆಯ ಮನುಷ್ಯರಿಗೆ ಮಾತ್ರ ಇತ್ತು. ಇಂದು ಪರ್ತ್, ಬ್ರಿಸ್ಬೇನ್, ಅಡಿಲೇಡ್‌ಗಳಲ್ಲಿ ರಾಜ್ಯೋತ್ಸವದ ದೀಪ ಹಚ್ಚುವ ನಾವು ಆಮೇಲೆ ತೆರೆದ ಬಾಗಿಲಿನಿಂದ ಬಂದವರು.

ಅಜ್ಜಿಯ ಊರು

2025ರ ಜುಲೈ 19ರಂದು ಬ್ರಿಸ್ಬೇನ್‌ನಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಲಯನ್ಸ್ 27–19ರಿಂದ ಗೆದ್ದಿತು. ಆ ಪಂದ್ಯದ ಮೊದಲ ಟ್ರೈ ಗಳಿಸಿದವರು ಸಿಯೋನೆ ಟುಯಿಪುಲೊಟು. ಮೆಲ್ಬರ್ನ್ ಬಳಿ ಹುಟ್ಟಿ ಬೆಳೆದು, ಆಸ್ಟ್ರೇಲಿಯಾದ ಇಪ್ಪತ್ತು ವರ್ಷದೊಳಗಿನವರ ತಂಡಕ್ಕೆ ಆಡಿದವರು. ತಂದೆಯ ಮೂಲ ಟೋಂಗಾ ದ್ವೀಪ. ಸ್ಕಾಟ್ಲೆಂಡ್ ತಂಡದ ನಾಯಕತ್ವದವರೆಗೆ ಅವರನ್ನು ಕರೆದೊಯ್ದದ್ದು ಅಜ್ಜಿ. ಆಕೆ ಸ್ಕಾಟ್ಲೆಂಡಿನ ಗ್ರೀನಕ್ ಪಟ್ಟಣದವರು. ಅದೇ ಲಯನ್ಸ್ ತಂಡದಲ್ಲಿದ್ದ ಕ್ಯಾನ್‌ಬೆರಾದ ಮ್ಯಾಕ್ ಹ್ಯಾನ್ಸನ್ ಅವರ ತಾಯಿ ಐರ್ಲೆಂಡಿನ ಕಾರ್ಕ್‌ನವರು. ಕ್ಯಾನ್‌ಬೆರಾದವರೇ ಆದ ಫಿನ್ಲೆ ಬೀಲಮ್ ಅವರ ಅಜ್ಜಿಯ ಊರು ಎನ್ನಿಸ್ಕಿಲ್ಲನ್. ಅಂತರರಾಷ್ಟ್ರೀಯ ರಗ್ಬಿಯ ನಿಯಮದಂತೆ ಆಟಗಾರ ತಾನು ಹುಟ್ಟಿದ ನಾಡಿಗೆ, ತಂದೆ ಅಥವಾ ತಾಯಿ ಹುಟ್ಟಿದ ನಾಡಿಗೆ, ಅಜ್ಜ ಅಥವಾ ಅಜ್ಜಿ ಹುಟ್ಟಿದ ನಾಡಿಗೆ, ಅಥವಾ ಐದು ವರ್ಷ ಸತತವಾಗಿ ನೆಲೆಸಿದ ನಾಡಿಗೆ ಆಡಬಹುದು. 2022ರಿಂದ, ಮೂರು ವರ್ಷ ಬಿಡುವಿನ ಬಳಿಕ, ತಾನು, ತಂದೆತಾಯಿ ಅಥವಾ ಅಜ್ಜ-ಅಜ್ಜಿ ಹುಟ್ಟಿದ ಇನ್ನೊಂದು ನಾಡಿಗೆ ಒಮ್ಮೆ ಬದಲಾಗಲೂ ಅವಕಾಶವಿದೆ.

ಹೊರನಾಡಿನಲ್ಲಿ ಹುಟ್ಟಿದವರಿಗೆ ಲಯನ್ಸ್ ಅಂಗಿ ಏಕೆಂದು ಅಲ್ಲಿಯ ಹಿರಿಯ ಆಟಗಾರರಲ್ಲಿ ಕೆಲವರು ಬೇಸರಪಟ್ಟುಕೊಂಡರು. ಆ ಬೇಸರವನ್ನು ನಾವು ಹಗುರವಾಗಿ ಕಾಣುವುದಿಲ್ಲ. ಒಂದು ಊರಿನ ಗಾಳಿ, ಮಾತು, ಮಳೆಯಲ್ಲಿ ಬೆಳೆದವನಿಗೆ ಆ ಊರಿನ ತಂಡವೆಂದರೆ ಏನೆಂಬುದು ಹೊರಗಿನಿಂದ ಬಂದವನಿಗೆ ಅಷ್ಟೇ ತೀವ್ರವಾಗಿ ತಿಳಿಯದೆ ಇರಬಹುದು. ಕ್ರಿಕೆಟ್ ಪಂದ್ಯದ ದಿನ ನಮ್ಮ ಮನೆಗಳಲ್ಲೇ ಈ ವಾದ ನಡೆಯುತ್ತದಲ್ಲ! ಅಪ್ಪ ನೀಲಿ ಅಂಗಿ, ಮಗಳು ಹಳದಿ ಅಂಗಿ. ‘ನೀನು ಯಾರ ಕಡೆ?’ ಎಂದು ನೆಂಟರು ಫೋನಿನಲ್ಲಿ ಕೇಳಿದಾಗ ಮಗು ತಬ್ಬಿಬ್ಬಾಗುತ್ತದೆ. ಆ ಪ್ರಶ್ನೆಯನ್ನು ನಗುನಗುತ್ತಲೇ ಕೇಳಿದರೂ ಅದರೊಳಗೆ ಒಂದು ಪರೀಕ್ಷೆ ಅಡಗಿರುತ್ತದೆ. ಹಳೆಯ ಉಕ್ತಲೇಖನದ ಪರೀಕ್ಷೆಯ ಹಾಗೆ, ಯಾವ ಉತ್ತರ ಬರೆದರೂ ತಪ್ಪಾಗುವಂಥದ್ದು.

ಟಾಮ್ ರಿಚರ್ಡ್ಸ್ ಕಪ್ ಆ ಮಗುವಿಗೆ ಒಂದು ಉತ್ತರವನ್ನು ಒದಗಿಸುತ್ತದೆ ಎಂದು ನಮಗನ್ನಿಸಿದೆ. ಎರಡೂ ಕಡೆಯವನಾಗಿರುವುದು ಯಾವ ಕಡೆಯವನೂ ಅಲ್ಲದಿರುವುದಕ್ಕೆ ಸಮವಲ್ಲ. ಆದರೆ ಅದಕ್ಕೊಂದು ಬೆಲೆಯಿದೆ: ಎರಡೂ ಕಡೆ ಬೆವರು ಸುರಿಸಬೇಕು. ಅಂಗಿ ತೊಟ್ಟರಷ್ಟೇ ಸಾಲದು, ಅಂಗಳಕ್ಕಿಳಿಯಬೇಕು. ಕನ್ನಡವನ್ನು ಉಳಿಸಿಕೊಳ್ಳುವುದೂ ಇಲ್ಲಿಯ ಊರಿನ ಕಷ್ಟಸುಖಕ್ಕೆ ಹೆಗಲು ಕೊಡುವುದೂ ಎರಡೂ ದುಡಿಮೆಯೇ.

2027ರಲ್ಲಿ ರಗ್ಬಿ ವಿಶ್ವಕಪ್ ಆಸ್ಟ್ರೇಲಿಯಾದಲ್ಲಿ ನಡೆಯಲಿದೆ. ಪರ್ತ್, ಬ್ರಿಸ್ಬೇನ್, ಅಡಿಲೇಡ್ ಮೂರೂ ಆತಿಥೇಯ ನಗರಗಳು. ಟೌನ್ಸ್‌ವಿಲ್ ಕೂಡ; ಅಲ್ಲಿಂದ ಚಾರ್ಟರ್ಸ್ ಟವರ್ಸ್‌ಗೆ ಸುಮಾರು 130 ಕಿಲೋಮೀಟರ್ ದಾರಿ. ಆ ಕಡೆ ಹೋಗುವ ಸದಸ್ಯರು ಒಂದು ದಿನ ಬಿಡುವು ಮಾಡಿಕೊಂಡು ಒಮ್ಮೆ ‘ಜಗತ್ತು’ ಎನಿಸಿಕೊಂಡಿದ್ದ ಆ ಗಣಿಯೂರನ್ನು ಮಕ್ಕಳಿಗೆ ತೋರಿಸಿ ಬರಬೇಕೆಂದು ನಮ್ಮ ಸಲಹೆ.

ಅದಕ್ಕೂ ಮೊದಲು ಮನೆಯಲ್ಲೇ ಮಾಡಬಹುದಾದ ಕೆಲಸವೊಂದಿದೆ. ಅಜ್ಜಿ ಎಲ್ಲಿ ಹುಟ್ಟಿದವರೆಂದು ರಗ್ಬಿಯ ನಿಯಮ ಕೇಳುತ್ತದೆ. ನಮ್ಮ ಮಕ್ಕಳನ್ನು ಹಾಗೆ ಕೇಳಿದರೆ ‘ಇಂಡಿಯಾ’ ಎನ್ನುತ್ತಾರೆ, ಹೆಚ್ಚೆಂದರೆ ‘ಬೆಂಗಳೂರು’ ಎನ್ನುತ್ತಾರೆ. ಅಜ್ಜಿ ಹುಟ್ಟಿದ ಹಳ್ಳಿಯ ಹೆಸರು, ತಾಲ್ಲೂಕು, ಸಾಧ್ಯವಾದರೆ ವರ್ಷ, ಇಷ್ಟನ್ನು ಒಂದು ಹಾಳೆಯಲ್ಲಿ ಕನ್ನಡದಲ್ಲೇ ಮಕ್ಕಳ ಕೈಯಿಂದ ಬರೆಯಿಸಿ ಇಡೋಣ. ಅಜ್ಜಿ ಇನ್ನೂ ಇದ್ದರೆ ಈ ವಾರವೇ ಫೋನು ಮಾಡಿ ಕೇಳಲಿ.